ಹೆಸರು ಒಂದೇ, ಬೇರು ಬೇರೆ

1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ನಗರದ ಕಿಡ್ನಿ ವೈದ್ಯರಿಗೆ ಒಂದು ಸಂಗತಿ ತಲೆ ಕೊರೆಯತೊಡಗಿತು. 50 ವರ್ಷ ದಾಟದ ಇಬ್ಬರು ಹೆಂಗಸರ ಕಿಡ್ನಿ ನೋಡನೋಡುತ್ತಿದ್ದಂತೆ ಹಾಳಾಗಿತ್ತು. ಒಳಗೆಲ್ಲ ನಾರು ಕಟ್ಟಿತ್ತು. ಇಬ್ಬರಲ್ಲೂ ಇದ್ದದ್ದು ಒಂದೇ ಹೋಲಿಕೆ: ತೂಕ ಇಳಿಸಲು ಒಂದೇ ಕ್ಲಿನಿಕ್‌ಗೆ ಹೋಗಿ, ಅಲ್ಲಿ ಕೊಟ್ಟ ಮಾತ್ರೆ ನುಂಗಿದ್ದರು.

ವೈದ್ಯ ಜಾನ್-ಲೂಯಿ ವಾನ್‌ಹೆರ್ವೆಘೆಮ್ ಮತ್ತು ಅವರ ಜೊತೆಗಾರರು ಅಲ್ಲಿಗೇ ಬಿಡಲಿಲ್ಲ. ಊರಿನ ಬೇರೆ ಕಿಡ್ನಿ ಆಸ್ಪತ್ರೆಗಳಲ್ಲಿ ವಿಚಾರಿಸಿದರು. ಇನ್ನೂ 7 ಹೆಂಗಸರು ಸಿಕ್ಕರು. 1993ರಲ್ಲಿ ಅವರ ವರದಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮುಂದಿನ ವರ್ಷಗಳಲ್ಲಿ ಲೆಕ್ಕ ನೂರು ದಾಟಿತು. ಅವರಲ್ಲಿ ಹೆಚ್ಚಿನವರಿಗೆ ಡಯಾಲಿಸಿಸ್ ಇಲ್ಲವೇ ಕಿಡ್ನಿ ಕಸಿ ಬೇಕಾಯಿತು.

ಆ ಕ್ಲಿನಿಕ್ ಸುಮಾರು 15 ವರ್ಷದಿಂದ ನಡೆಯುತ್ತಿತ್ತು. ಇಂಥ ತೊಂದರೆ ಕಂಡಿರಲಿಲ್ಲ. 1990ರ ಮೇ ತಿಂಗಳಲ್ಲಿ ಮಾತ್ರೆಗೆ ಎರಡು ಚೀನೀ ಗಿಡಮೂಲಿಕೆಗಳ ಪುಡಿ ಹೊಸದಾಗಿ ಸೇರಿತು. ಒಂದು ಮ್ಯಾಗ್ನೋಲಿಯಾ, ಇನ್ನೊಂದು ಸ್ಟೆಫಾನಿಯಾ. ಈ ಸ್ಟೆಫಾನಿಯಾ ಬೇರಿಗೆ ಚೀನಾದಲ್ಲಿ 'ಹಾನ್ ಫಾಂಗ್ ಜಿ' ಅನ್ನುತ್ತಾರೆ. 'ಗುವಾಂಗ್ ಫಾಂಗ್ ಜಿ' ಎಂಬ ಇನ್ನೊಂದು ಬೇರೂ ಇದೆ. ಮೂಲಿಕೆ ವ್ಯಾಪಾರದಲ್ಲಿ ಎರಡನ್ನೂ ಬರೀ 'ಫಾಂಗ್ ಜಿ' ಅಂತಲೇ ಕರೆಯುವುದುಂಟು.

ಇದು ನಮಗೆ ಹೊಸದಲ್ಲ, ಅಲ್ವಾ? ನಮ್ಮಲ್ಲಿ ಬ್ರಾಹ್ಮಿ ಅಂದರೆ ಬಹಳ ಜನರಿಗೆ ಒಂದೆಲಗ, ಅದೇ ಗದ್ದೆಯ ಅಂಚಿನಿಂದ ಕಿತ್ತು ತಂಬುಳಿ ಮಾಡುವ ಸೊಪ್ಪು. ಇನ್ನು ಕೆಲವರಿಗೆ ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿ, ಅದು ಬೇರೆಯೇ ಗಿಡ. ಗ್ರಂದಿಗೆ ಅಂಗಡಿಯಲ್ಲಿ ಬ್ರಾಹ್ಮಿ ಪುಡಿ ಕೇಳಿದರೆ ಯಾವುದು ಬರುತ್ತದೆ ಅನ್ನುವುದು ಅಂಗಡಿಯವರು ಹೆಸರನ್ನು ಹೇಗೆ ತಿಳಿದಿದ್ದಾರೆ ಅನ್ನುವುದರ ಮೇಲೆ. ಎರಡೂ ನಾವು ತಿನ್ನುವಂಥದ್ದೇ ಆದ್ದರಿಂದ ಯಾರೂ ತಲೆ ಕೆಡಿಸಿಕೊಂಡಿಲ್ಲ. ಬ್ರಸೆಲ್ಸ್‌ನ ಹೆಂಗಸರ ಪಾಲಿಗೆ ಹಾಗಾಗಲಿಲ್ಲ. 1994ರಲ್ಲಿ ಆ ಪುಡಿಗಳನ್ನು ಪರೀಕ್ಷೆ ಮಾಡಿದಾಗ, ಸ್ಟೆಫಾನಿಯಾ ಎಂದು ಬಂದಿದ್ದ ಮಾಲಿನಲ್ಲಿ ಹೆಚ್ಚಿನದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಸಿಕ್ಕಿತು. ಅದು ಸ್ಟೆಫಾನಿಯಾದಲ್ಲಿ ಇರುವ ವಸ್ತುವೇ ಅಲ್ಲ. ಗುವಾಂಗ್ ಫಾಂಗ್ ಜಿಯಲ್ಲಿ ಇರುವಂಥದ್ದು.

ಗುವಾಂಗ್ ಫಾಂಗ್ ಜಿ ಅರಿಸ್ಟೊಲೋಕಿಯಾ ಎಂಬ ಗುಂಪಿಗೆ ಸೇರಿದ ಬಳ್ಳಿ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಹೆರಿಗೆಗೆ ಒಳ್ಳೆಯದು ಎಂಬ ಅರ್ಥ. ಯೂರೋಪಿನಲ್ಲೂ ಇದು ಹಳೇ ಕಾಲದ ಔಷಧಿಯೇ. ನಮ್ಮ ಕಾಡಂಚಿನ ಈಶ್ವರಿ ಬಳ್ಳಿಯೂ ಇದೇ ಗುಂಪಿನದು. ಹಾವು ಕಚ್ಚಿದರೆ ಹಳ್ಳಿಗಳಲ್ಲಿ ಅದರ ಬೇರು ಅರೆದು ಕೊಡುತ್ತಿದ್ದರು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳುಗಳು ತಿಂದು ಬೆಳೆಯುವುದು ಈ ಗುಂಪಿನ ಬಳ್ಳಿಗಳ ಎಲೆಯನ್ನೇ. ಹೀಗೆ ಈ ಎಲೆ ತಿನ್ನುವ ಚಿಟ್ಟೆಹುಳುಗಳು ಅದೇ ಆಮ್ಲವನ್ನು ಮೈಯಲ್ಲಿ ತುಂಬಿಕೊಂಡು ಹಕ್ಕಿಗಳಿಂದ ಪಾರಾಗುತ್ತವೆ. ಹುಳುವಿಗೆ ಕಾವಲಾಗಿರುವುದೇ ಮನುಷ್ಯನ ಕಿಡ್ನಿಗೆ ವಿಷ.

ನನಗೆ ಈ ಕಥೆಯಲ್ಲಿ ಜಾಸ್ತಿ ನೋವು ಕೊಡುವ ಭಾಗ ಬೇರೆ. ಬ್ರಸೆಲ್ಸ್‌ಗೂ ಮುಂಚೆಯೇ ಈ ವಿಷ ಎಷ್ಟೋ ಕಡೆ ಕಣ್ಣಿಗೆ ಬಿದ್ದಿತ್ತು. 1964ರಲ್ಲಿ ಚೀನಾದ ವೈದ್ಯರೊಬ್ಬರು ಇಬ್ಬರು ರೋಗಿಗಳ ಬಗ್ಗೆ ಬರೆದರು. ಇಬ್ಬರೂ 'ಮು ತೊಂಗ್' ಎಂಬ ಮೂಲಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕುದಿಸಿ ಕುಡಿದಿದ್ದರು, ಇಬ್ಬರದೂ ಕಿಡ್ನಿ ಕೆಟ್ಟಿತ್ತು. ಅದೇ 1964ರಲ್ಲಿ ಅಮೆರಿಕದಲ್ಲಿ ಅರಿಸ್ಟೊಲೋಕಿಕ್ ಆಮ್ಲವನ್ನೇ ಕ್ಯಾನ್ಸರ್ ಔಷಧಿಯಾಗಿ ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲೂ ಕಿಡ್ನಿಗೇ ಪೆಟ್ಟು. 1982ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದು ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಪ್ರಕಟಿಸಿದರು. ಅದಕ್ಕೂ ಮೊದಲೇ, 1981ರಲ್ಲಿ, ಈ ಆಮ್ಲವಿದ್ದ ಔಷಧಿಗಳನ್ನು ಆ ದೇಶ ಮಾರುಕಟ್ಟೆಯಿಂದ ವಾಪಸು ತೆಗೆಸಿತ್ತು. ಬ್ರಸೆಲ್ಸ್‌ನ ಮಾತ್ರೆಗೆ ಬೇರು ಸೇರಿದ್ದು ಇದೆಲ್ಲ ಆದ 8 ವರ್ಷದ ಮೇಲೆ! ಆದರೆ ಡಬ್ಬದ ಮೇಲೆ ಇದ್ದದ್ದು ಸ್ಟೆಫಾನಿಯಾ ಎಂಬ ಹೆಸರು. ಆ ಹೆಸರನ್ನು ನಂಬಿದವರು ಜರ್ಮನಿಯ ಇಲಿಗಳನ್ನು ಯಾಕೆ ನೆನೆಸಿಕೊಳ್ಳುತ್ತಾರೆ?

ಇನ್ನೂ ಹಳೆಯ ಸುಳಿವು ಬಾಲ್ಕನ್ ನಾಡಿನದು. ಡ್ಯಾನ್ಯೂಬ್ ನದಿಗೆ ಸೇರುವ ಹೊಳೆಗಳ ದಂಡೆಯಲ್ಲಿರುವ ಬಲ್ಗೇರಿಯಾ, ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ, ರೊಮೇನಿಯಾದ ಕೆಲವು ಹಳ್ಳಿಗಳಲ್ಲಿ ರೈತರ ಕಿಡ್ನಿ ನಿಧಾನವಾಗಿ ಸಾಯುತ್ತಿತ್ತು. ವೈದ್ಯರು ಇದನ್ನು ದಾಖಲಿಸಿದ್ದು 1950ರ ದಶಕದಲ್ಲಿ. ಒಂದು ಹಳ್ಳಿಯಲ್ಲಿ ರೋಗ, ಪಕ್ಕದ ಹಳ್ಳಿಯಲ್ಲಿ ಇಲ್ಲ. ಬಾವಿ ನೀರು, ಬೂಷ್ಟು, ವೈರಸ್, ಎಲ್ಲದರ ಮೇಲೂ ಅನುಮಾನ ಬಂತು. 1969ರಲ್ಲಿ ಇವಿಚ್ ಎಂಬ ವಿಜ್ಞಾನಿ ಒಂದು ಮಾತು ಹೇಳಿದರು: ಗೋಧಿ ಹೊಲದಲ್ಲಿ ಕಳೆಯಾಗಿ ಅರಿಸ್ಟೊಲೋಕಿಯಾ ಬೆಳೆಯುತ್ತದೆ, ಕೊಯ್ಲಿನಲ್ಲಿ ಅದರ ಬೀಜ ಗೋಧಿ ಜೊತೆ ಸೇರುತ್ತದೆ, ಹಿಟ್ಟಾಗಿ ರೊಟ್ಟಿಯಾಗಿ ಹೊಟ್ಟೆ ಸೇರುತ್ತದೆ. ಆ ಮಾತು ಬಹುಕಾಲ ಬದಿಗೆ ಬಿದ್ದಿತ್ತು. ಬ್ರಸೆಲ್ಸ್‌ನ ಹೆಂಗಸರ ಕಿಡ್ನಿಯ ಚೂರುಗಳು ಬಾಲ್ಕನ್ ರೈತರ ಕಿಡ್ನಿಯ ಹಾಗೇ ಕಾಣುತ್ತವೆ ಎಂದು 1994ರಲ್ಲಿ ಬೆಲ್ಜಿಯಂನವರು ಗುರುತಿಸಿದ ಮೇಲೆ ಅದಕ್ಕೆ ಮತ್ತೆ ಜೀವ ಬಂತು. 2007ರಲ್ಲಿ ಅಮೆರಿಕದ ಆರ್ಥರ್ ಗ್ರೋಲ್‌ಮನ್, ಕ್ರೊಯೇಷಿಯಾದ ಬೊಯಾನ್ ಯೆಲಾಕೊವಿಚ್ ಮತ್ತು ಅವರ ಜೊತೆಗಾರರು ರೈತರ ಕಿಡ್ನಿಯಲ್ಲಿ ಆ ಆಮ್ಲ ಬಿಟ್ಟುಹೋದ ಗುರುತನ್ನೇ ತೋರಿಸಿದರು.

ಆ ಗುರುತು ಏನು ಎಂದು ತಿಳಿದರೆ, ಸಾವಿರಾರು ವರ್ಷದ ಅನುಭವ ಇದನ್ನು ಯಾಕೆ ಹಿಡಿಯಲಿಲ್ಲ ಎನ್ನುವುದೂ ತಿಳಿಯುತ್ತದೆ. ರಕ್ತದಲ್ಲಿನ ಬೇಡದ್ದನ್ನು ಎಳೆದು ಮೂತ್ರಕ್ಕೆ ಹಾಕಲು ಕಿಡ್ನಿಯ ಸಣ್ಣ ನಾಳಗಳ ಜೀವಕೋಶಗಳಲ್ಲಿ ಪಂಪಿನಂಥ ಪ್ರೊಟೀನುಗಳಿವೆ. ಅವು ಈ ಆಮ್ಲವನ್ನೂ ಎಳೆದುಕೊಳ್ಳುತ್ತವೆ. ಒಳಗೆ ಹೋದ ಮೇಲೆ ಅದು ರೂಪ ಬದಲಿಸಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ದಶಕಗಳು ಕಳೆದರೂ ಬಿಡುವುದಿಲ್ಲ. ಮುಂದೆ ಡಿಎನ್‌ಎ ನಕಲಾಗುವಾಗ ಅಡೆನಿನ್ ಅಕ್ಷರ ಇರಬೇಕಾದ ಕಡೆ ಥೈಮಿನ್ ಬಂದು ಕೂರುತ್ತದೆ. ಈ ಬಗೆಯ ತಪ್ಪು ಬೇರೆ ಕಾರಣಕ್ಕೆ ಆಗುವುದು ಅಪರೂಪ. ಹಾಗಾಗಿ ಕ್ಯಾನ್ಸರ್ ಗೆಡ್ಡೆಯ ಡಿಎನ್‌ಎ ಓದಿದರೆ ವಿಷದ ಸಹಿ ಸಿಗುತ್ತದೆ.

ಕಷಾಯ ಕುಡಿದ ಸಂಜೆಯೇ ವಾಂತಿಯಾದರೆ ವೈದ್ಯರು ಅದನ್ನು ಬಿಡುತ್ತಾರೆ. ಶಿಷ್ಯನಿಗೂ ಹೇಳುತ್ತಾರೆ. ಕುಡಿದು 20 ವರ್ಷದ ಮೇಲೆ ಮೂತ್ರನಾಳದಲ್ಲಿ ಕ್ಯಾನ್ಸರ್ ಆದರೆ? ಕೊಟ್ಟ ವೈದ್ಯರೇ ಆಗ ಇರದೆ ಇರಬಹುದು. 'ತಲೆತಲಾಂತರದಿಂದ ಬಳಸಿದ್ದೇವೆ, ಸೈಡ್ ಎಫೆಕ್ಟ್ ಇಲ್ಲ' ಎಂಬ ಮಾತಿನ ದೊಡ್ಡ ಕುಂದು ಇದೇ. ಆ ಮಾತು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜಕ್ಕೂ ಕಂಡಿಲ್ಲ.

ಬ್ರಸೆಲ್ಸ್‌ನಲ್ಲಿ ಕಾಣಲು ಅಷ್ಟು ವರ್ಷ ಬೇಕಾಗಲಿಲ್ಲ. ಕಿಡ್ನಿ ಪೂರ್ತಿ ನಿಂತುಹೋಗಿದ್ದ 39 ಮಂದಿ, ಮುನ್ನೆಚ್ಚರಿಕೆಗಾಗಿ ಕಿಡ್ನಿ ಮತ್ತು ಮೂತ್ರನಾಳ ತೆಗೆಸಿಕೊಳ್ಳಲು ಒಪ್ಪಿದರು. ತೆಗೆದದ್ದನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಇತ್ತು. ಇದು ಪ್ರಕಟವಾದದ್ದು 2000ದಲ್ಲಿ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಗಿಡಗಳಿಂದ ಮಾಡಿದ ಔಷಧಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು.

ತೂಕ ಇಳಿಸಲು ಫಾಂಗ್ ಜಿ ಕೊಡುವುದು ನಮ್ಮ ಪದ್ಧತಿಯೇ ಅಲ್ಲ ಎಂದು ಚೀನೀ ವೈದ್ಯದ ಪರ ಇರುವವರು ಹೇಳಿದರು. ಅದು ನ್ಯಾಯವಾದ ಮಾತು. ಹಾಗಾಗಿಯೇ 'ಚೀನೀ ಮೂಲಿಕೆಯ ಕಿಡ್ನಿ ರೋಗ' ಎಂಬ ಮೊದಲಿನ ಹೆಸರನ್ನು ಬಿಟ್ಟು ಆಮ್ಲದ ಹೆಸರಿನಿಂದಲೇ ರೋಗವನ್ನು ಕರೆಯುವುದು ಬಂತು. ಆದರೆ ಚೀನಾದ ಒಳಗೂ ಇದೇ ಹೆಸರಿನ ಗೊಂದಲ ಜನರನ್ನು ಸುಟ್ಟಿತ್ತು. ಮು ತೊಂಗ್ ಎಂದು ಹಿಂದೆ ಬಳಸುತ್ತಿದ್ದದ್ದು ಬೇರೆ ಬಳ್ಳಿ. ಕಾಲ ಕಳೆದಂತೆ ಆ ಜಾಗಕ್ಕೆ ಅರಿಸ್ಟೊಲೋಕಿಯಾ ಗುಂಪಿನ 'ಗುವಾನ್ ಮು ತೊಂಗ್' ಬಂದು ಕೂತಿತು. 'ಲೊಂಗ್ ದಾನ್ ಷಿಯೆ ಗಾನ್' ಎಂಬ ಮನೆಮಾತಾದ ಗುಳಿಗೆಯಲ್ಲೂ ಅದು ಸೇರಿತು. 2003ರಲ್ಲಿ ಪತ್ರಿಕೆಗಳು ಇದನ್ನು ಬಯಲಿಗೆ ತಂದ ಮೇಲೆ ಸರಕಾರ ಗುವಾನ್ ಮು ತೊಂಗ್ ಅನ್ನು ಔಷಧಿಯ ಪಟ್ಟಿಯಿಂದ ತೆಗೆಯಿತು. ಮುಂದಿನ ವರ್ಷ ಗುವಾಂಗ್ ಫಾಂಗ್ ಜಿಯೂ ಹೋಯಿತು.

ಮೂಲಿಕೆ ಎಂದರೆ ವಿಷ ಎಂದು ನಾನು ಹೇಳುತ್ತಿಲ್ಲ. ತು ಯೊಯೊ ಅವರಿಗೆ 2015ರ ನೊಬೆಲ್ ತಂದ ಮಲೇರಿಯಾ ಔಷಧಿ ಸಿಕ್ಕಿದ್ದು ಇದೇ ಚೀನೀ ಪರಂಪರೆಯ 'ಚಿಂಗ್ ಹಾವ್'ನಿಂದ. ಅಲ್ಲೂ ಆ ಹೆಸರಿನಡಿ ಒಂದಕ್ಕಿಂತ ಹೆಚ್ಚು ಗಿಡಗಳಿದ್ದವು. ಔಷಧಿಯ ಸತ್ವ ಇದ್ದದ್ದು ಒಂದರಲ್ಲಿ. ಯಾವುದು ಎಂದು ಅವರ ತಂಡ ಕೂತು ಹುಡುಕಿತು.

ತೈವಾನ್‌ನ ಪಾಡು ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಸರಕಾರಿ ಆರೋಗ್ಯ ವಿಮೆಯಲ್ಲಿ ಮೂಲಿಕೆ ಔಷಧಿಯೂ ಸೇರಿದೆ. ಆದ್ದರಿಂದ ಚೀಟಿಗಳ ಲೆಕ್ಕ ಉಳಿದಿತ್ತು. 1997ರಿಂದ 2003ರ ನಡುವೆ ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ ಈ ಆಮ್ಲ ಇರಬಹುದಾದ ಔಷಧಿಯನ್ನು ಬರೆದುಕೊಟ್ಟಿದ್ದರು. ಮೂತ್ರನಾಳದ ಮೇಲ್ಭಾಗದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಇರುವುದೂ ಅಲ್ಲೇ. 2012ರಲ್ಲಿ ಅಂಥ 151 ರೋಗಿಗಳನ್ನು ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಮಂದಿಯ ಕಿಡ್ನಿಯಲ್ಲಿ ಆ ಗುರುತಿತ್ತು. 2017ರಲ್ಲಿ ಲಿವರ್ ಕ್ಯಾನ್ಸರಿನ 98 ಗೆಡ್ಡೆಗಳ ಡಿಎನ್‌ಎ ಓದಿದರು. ಅವುಗಳಲ್ಲಿ ನೂರಕ್ಕೆ 78ರಲ್ಲಿ ಅದೇ ಸಹಿ. ಕಿಡ್ನಿಯ ವಿಷ ಎಂದುಕೊಂಡದ್ದು ಲಿವರ್‌ನಲ್ಲೂ ಕಂಡಿತು.

ತೈವಾನ್ ಈ ಮೂಲಿಕೆಗಳನ್ನು ನಿಷೇಧಿಸಿದ್ದು 2003ರಲ್ಲಿ. ಅದಕ್ಕೂ ಮೊದಲು ಕುಡಿದವರ ಡಿಎನ್‌ಎಗೆ ಅಂಟಿದ್ದು ಅಂಟಿಯೇ ಇದೆ. ಅವರಲ್ಲಿ ಎಷ್ಟೋ ಜನರಿಗೆ ತಾವು ಕುಡಿದ ಪುಡಿಯಲ್ಲಿ ಯಾವ ಬೇರು ಇತ್ತು ಎಂದು ಇಂದಿಗೂ ಗೊತ್ತಿಲ್ಲ.