‘ಲಾಗಿದೆ’ ಬಂದಲ್ಲಿ ‘ಯಾರಿಂದ’ ಎಂದು ಕೇಳಿ

ಸಕಲೇಶಪುರದ ಕಡೆ ನಮ್ಮೂರ ಗ್ರಾಮಸಭೆ. ಮಳೆಗೆ ಕೊಚ್ಚಿಹೋದ ಮೋರಿಯ ಬಗ್ಗೆ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಸ್ವಾಮಿ, ಅದನ್ನ ಕಟ್ಟಿಸಿದ್ದು ಯಾರು?” ಅಧಿಕಾರಿ ಹೇಳಿದರು: “ಕಾಮಗಾರಿಯನ್ನು ನಿಯಮಾನುಸಾರ ನಿರ್ವಹಿಸಲಾಗಿದೆ. ಅತಿವೃಷ್ಟಿಯಿಂದ ಹಾನಿಯಾಗಿದೆ. ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.” ಮೂರು ವಾಕ್ಯಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಹಿರಿಯರು ಕೈಮುಗಿದು ಕೂತುಬಿಟ್ಟರು. ನನಗೆ ಅವತ್ತು ನಿದ್ದೆ ಬರಲಿಲ್ಲ.

ಕನ್ನಡದ ಕ್ರಿಯಾಪದ ಸಾಮಾನ್ಯವಾಗಿ ಮಾಡಿದವರನ್ನು ತೋರಿಸಿಕೊಡುತ್ತದೆ. ‘ನಾವು’ ಅನ್ನದೆ ಬರೀ ‘ಕಟ್ಟಿಸಿದೆವು’ ಎಂದರೂ ಯಾರೆಂದು ತಿಳಿಯುತ್ತದೆ. ‘ಕಟ್ಟಿಸಲಾಗಿದೆ’ ಎಂದಾಗ ಆ ಸುಳಿವೇ ಅಳಿಸಿಹೋಗುತ್ತದೆ. ಶಾಲೆಯಲ್ಲಿ ಕರ್ಮಣಿ ಪ್ರಯೋಗ ಕಲಿತದ್ದು ನೆನಪಿಸಿಕೊಳ್ಳಿ: ಕರ್ತೃವಿಗೆ ‘ಇಂದ’ ಪ್ರತ್ಯಯ ಸೇರುತ್ತದೆ, ‘ಶಿಲ್ಪಿಯಿಂದ ಕೆತ್ತಲ್ಪಟ್ಟಿತು’. ಕಚೇರಿಯ ಕನ್ನಡದಲ್ಲಿ ಆ ‘ಇಂದ’ದ ಜಾಗ ಖಾಲಿ. ಖಾಲಿ ಇಲ್ಲದಿದ್ದರೆ ಅಲ್ಲಿ ಮಳೆಯನ್ನು ತಂದು ಕೂರಿಸುತ್ತಾರೆ: ‘ಅತಿವೃಷ್ಟಿಯಿಂದ’. ಮಲೆನಾಡಿಗೆ ಮಳೆ ಹೊಸದೇ? ಆ ನೀರಿನ ಲೆಕ್ಕ ಹಿಡಿದೇ ಅಲ್ಲವೇ ಮೋರಿಯ ಅಳತೆ ಹಾಕಬೇಕಾದದ್ದು?

‘ಗಮನಕ್ಕೆ ಬಂದಿಲ್ಲ’ ಇನ್ನೂ ಸೂಕ್ಷ್ಮ. ಇಲ್ಲಿ ಬರಬೇಕಾದದ್ದು ವಿಷಯ, ಬಾರದೆ ತಪ್ಪಿಸಿಕೊಂಡದ್ದೂ ಅದೇ. ನೋಡಬೇಕಾದವರು ನೋಡಲಿಲ್ಲ ಎಂಬ ಮಾತು ವಾಕ್ಯದೊಳಗೆ ಹುಟ್ಟುವುದೇ ಇಲ್ಲ. ‘ವಿಳಂಬವಾಗಿದೆ’, ‘ಲೋಪವಾಗಿದೆ’ ಕೂಡ ಹಾಗೇ, ತಾವಾಗಿಯೇ ಆದ ಹಾಗೆ.

‘ಲಾಗಿದೆ’ ಬಂದಲ್ಲೆಲ್ಲ ಕಳ್ಳತನ ಹುಡುಕಬೇಡಿ. ‘ಸಭೆ ಮುಂದೂಡಲಾಗಿದೆ’ ಎಂಬ ಸೂಚನೆಯಲ್ಲಿ ಹೆಸರು ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ. ‘ಯಾರು’ ಎಂದು ಕೇಳಿದ ಮೇಲೂ ಅದೇ ರೂಪ ಬಂದರೆ ಅದು ಜಾರಿಕೊಳ್ಳುವುದು.

ಆಗ ಅವರ ವಾಕ್ಯವನ್ನೇ ಹಿಡಿದು ಮರಳಿ ಕೇಳಿ: “ಕ್ರಮ ಕೈಗೊಳ್ಳುವವರು ಯಾರು, ಯಾವ ತಾರೀಕಿನೊಳಗೆ?” ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಅಲ್ಲೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 30 ದಿನದೊಳಗೆ ಉತ್ತರಿಸಬೇಕು, ಇಲ್ಲವಾದರೆ ಮೇಲ್ಮನವಿ. ಅರ್ಜಿಯಲ್ಲಿ ‘ಏಕೆ ಕುಸಿಯಿತು’ ಎಂದು ಬರೆದರೆ ಕಾರಣ ಕೇಳಿದಂತಾಗುತ್ತದೆ, ಅದಕ್ಕೆ ಮತ್ತೆ ಮಳೆಯೇ ಉತ್ತರ. ದಾಖಲೆ ಕೇಳಿ: ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು, ಇವುಗಳ ದೃಢೀಕೃತ ನಕಲು. ಅಳತೆ ಬರೆದವರು, ಅದನ್ನು ಪರಿಶೀಲಿಸಿದವರು ಅಲ್ಲಿ ಸಹಿ ಹಾಕಿರುತ್ತಾರೆ.