ಸಿಪಾಯಿಯ ತವರದ ಬಿಲ್ಲೆ: ಶ್ರೀರಂಗಪಟ್ಟಣ ಪದಕ ಯಾರ ಕೈಯಿಂದ ಯಾರ ಕೈಗೆ?

2023ರ ಮೇ ತಿಂಗಳಲ್ಲಿ ಟಿಪ್ಪುವಿನ ಖಡ್ಗ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಆ ಸುದ್ದಿ ಓದಿದಾಗಿನಿಂದ ಧಾರವಾಡದ ನನ್ನ ಗೆಳೆಯ ತಲೆ ತಿನ್ನುತ್ತಿದ್ದಾನೆ. ಅವನ ಅಜ್ಜನ ಟ್ರಂಕಿನಲ್ಲಿ ಶ್ರೀರಂಗಪಟ್ಟಣ ಪದಕ ಒಂದಿದೆ. ಮಾರಬಹುದಾ, ಎಷ್ಟು ಬರುತ್ತೆ, ಅಸಲಿಯೇ ಅಂತ ದಿನಾ ಕೇಳುತ್ತಾನೆ. ಮೂರಕ್ಕೂ ಉತ್ತರ ಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ಸೈನ್ಯಕ್ಕೆಲ್ಲ ಪದಕ ಕೊಡೋಣ ಅಂತ ಈಸ್ಟ್ ಇಂಡಿಯಾ ಕಂಪನಿ ತೀರ್ಮಾನಿಸಿತು. ಅಚ್ಚು ಕೊರೆದವನು ಕುಕ್ಲರ್, ಹೊಡೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್‌ನ ಸೋಹೋ ಟಂಕಸಾಲೆಯಲ್ಲಿ, ಉಗಿ ಯಂತ್ರದಿಂದ. ಒಂದು ಬದಿಗೆ ಕೋಟೆಗೆ ನುಗ್ಗುವ ದೃಶ್ಯ, ಮೇಲೆ ನೆತ್ತಿಯ ಸೂರ್ಯ, ಯಾಕೆಂದರೆ ದಾಳಿ ನಡೆದದ್ದು ಮಧ್ಯಾಹ್ನ. ಇನ್ನೊಂದು ಬದಿಗೆ ಹುಲಿಯನ್ನು ಕೆಡವಿದ ಸಿಂಹ. ಸಿಂಹದ ಮೇಲಿನ ಬಾವುಟದಲ್ಲಿ ಅರಬ್ಬಿ ಅಕ್ಷರ: ಅಸದುಲ್ಲಾ ಅಲ್-ಗಾಲಿಬ್, ಅಂದರೆ ದೇವರ ವಿಜಯಿ ಸಿಂಹ. ತಮಾಷೆ ಅಂದರೆ ಇದು ಟಿಪ್ಪುವಿನದೇ ಮಾತು. ಅವನು ಇದೇ ಅಕ್ಷರಗಳನ್ನು ಹುಲಿಯ ಮುಖದ ಹಾಗೆ ಬರೆಸಿ ತನ್ನ ಆಯುಧಗಳ ಮೇಲೆ ಕೆತ್ತಿಸಿದ್ದ. ಗೆದ್ದವರು ರಾಜ್ಯದ ಜೊತೆ ಮಾತನ್ನೂ ಎತ್ತಿಕೊಂಡು ಹೋದರು.

ಲೋಹದಲ್ಲಿ ಭೇದ ಇತ್ತು. ಜನರಲ್‌ಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಹಾಕಿದ ಬೆಳ್ಳಿ, ಆಮೇಲೆ ಬೆಳ್ಳಿ, ಕಂಚು. ಸಾಮಾನ್ಯ ಸೈನಿಕನಿಗೆ, ನಮ್ಮ ಸಿಪಾಯಿಗೆ ತವರ. ಜಾಸ್ತಿ ಹೊಡೆದದ್ದೂ ತವರದ್ದೇ. ಇವು ಹಂಚಿಕೆಗೆ ಬರುವಷ್ಟರಲ್ಲಿ 1808.

ಮುಖ್ಯವಾದದ್ದು ಇದು: ಪದಕದ ಮೇಲೆ ಪಡೆದವನ ಹೆಸರು ಹಾಕಿರಲಿಲ್ಲ. ದಾರ ಹಾಕಲು ಕೊಂಡಿಯೂ ಇರಲಿಲ್ಲ, ಬೇಕಾದವರು ತಾವೇ ಬೆಸುಗೆ ಹಾಕಿಸಿಕೊಂಡರು. ಅಧಿಕಾರಿಗಳು ಹೆಸರು ಕೆತ್ತಿಸಬಹುದಿತ್ತು, ಪತ್ರಗಳ ಜೊತೆ ಪೆಟ್ಟಿಗೆಯಲ್ಲಿ ಇಡಬಹುದಿತ್ತು. ಸಿಪಾಯಿ ಏನು ಬರೆದಿಟ್ಟಾನು? ಆಮೇಲಿನ ನೂರೈವತ್ತು ವರ್ಷ ಒಂದೇ ಸಾಲಿನ ಕಥೆ: ಪಡೆದವರು ಸತ್ತರು, ಇಂಗ್ಲೆಂಡಿಗೆ ಹೋದವು ಸಂಗ್ರಹಕಾರರ ಕಪಾಟು ಸೇರಿ ಆಗಾಗ ಹರಾಜಿಗೆ ಬಂದವು, ಇಲ್ಲಿಯವು ಟ್ರಂಕು ಸೇರಿದವು. ಎಷ್ಟೋ ತವರದವು ಹಿತ್ತಾಳೆ ಪಾತ್ರೆಗೆ ಕಲಾಯಿಯಾಗಿ ಹೋಗಿರಬೇಕು ಅಂತ ನನ್ನ ಗುಮಾನಿ, ಅಷ್ಟೇ.

ಈಗ ಕಾನೂನು. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಇವುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು. ಹಾಗಾಗಿ ಲಂಡನ್ನಿನ ಬೆಲೆ ಕೇಳಿ ಬಾಯಲ್ಲಿ ನೀರು ಬಂದರೂ ಪ್ರಯೋಜನ ಇಲ್ಲ. ಅಲ್ಲಿಂದ ಇಲ್ಲಿಗೆ ದಾರಿ ಇದೆ, ಇಲ್ಲಿಂದ ಅಲ್ಲಿಗೆ ಇಲ್ಲ. ಇದು ಸರಿಯೇ ಅನ್ನುತ್ತೇನೆ ನಾನು, ಗೆಳೆಯ ಒಪ್ಪುವುದಿಲ್ಲ.

ಇನ್ನು ಅಸಲಿಯ ಮಾತು. ಸೋಹೋದ್ದು 48 ಮಿಲಿಮೀಟರ್ ಅಗಲ. ಕೆಲವನ್ನು ಕಲ್ಕತ್ತದಲ್ಲೂ ಹೊಡೆದಿದ್ದರು, ಅವು 45. ಕಳೆದ ತಿಂಗಳು ಇಬ್ಬರೂ ಹುಬ್ಬಳ್ಳಿಯಲ್ಲಿ ಪರಿಚಯದ ಹಿರಿಯ ನಾಣ್ಯ ಸಂಗ್ರಾಹಕರೊಬ್ಬರ ಮನೆಗೆ ಹೋದೆವು. ಅವರು ವರ್ನಿಯರ್ ಹಚ್ಚಿದರು, 48. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬೆಸುಗೆಯ ಗುರುತು, ಕೊಂಡಿ ಯಾವಾಗಲೋ ಕಿತ್ತುಹೋಗಿದೆ. ಹುಲಿಯ ಹೊಟ್ಟೆ ಬೆರಳಾಡಿ ಆಡಿ ಸವೆದಿದೆ. ತಿರುಗಿಸಿ ತಿರುಗಿಸಿ ನೋಡಿದ ಹಿರಿಯರು ಕನ್ನಡಕ ತೆಗೆದು ಕೇಳಿದರು:

"ಮಾಲು ಛಲೋ ಐತಿ. ಯಾರಿಗೆ ಕೊಟ್ಟಿದ್ರು ಅಂತ ಕಾಗದ ಏನರ ಐತೇನ್ರೀ?"

ಗೆಳೆಯ ನನ್ನ ಮುಖ ನೋಡಿದ.