‘ನನಗೆ’ಯಿಂದ ಶುರುಮಾಡಿದ ಇಂಗ್ಲಿಷ್

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಸಂದರ್ಶನಗಳಿಗೆ ತಯಾರಾಗುತ್ತಿರುವವರಿಗಾಗಿ ಈ ಟಿಪ್ಪಣಿ. ನಾವು ನಾಲ್ವರು ಗೆಳೆಯರು ಸಂಜೆ ಹೊತ್ತು ಕಲಬುರಗಿಯ ಶರಣಬಸವೇಶ್ವರ ಕೆರೆಯ ಬಳಿ ಕುಳಿತು ಇಂಗ್ಲಿಷ್ ಮಾತನಾಡುವ ಅಭ್ಯಾಸ ಮಾಡುತ್ತೇವೆ. ಒಬ್ಬ ಆಳಂದದವನು, ಒಬ್ಬಳು ಜೇವರ್ಗಿಯವಳು, ಇನ್ನೊಬ್ಬ ಚಿಂಚೋಳಿ ಕಡೆಯ ರೈತನ ಮಗ. ಕೆಲವು ತಿಂಗಳಲ್ಲಿ ನಮಗೆ ತಿಳಿದುಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಪದಗಳ ನೋಟ್‌ಬುಕ್ ಅಕಾರಾದಿಯಾಗಿತ್ತು: ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಅದರಿಂದ ಬರವಣಿಗೆಯ ಪರೀಕ್ಷೆ ಪಾಸಾಯಿತು, ಬಾಯಿ ಮಾತ್ರ ತೆರೆಯಲಿಲ್ಲ. ಒಂದು ಸಂದರ್ಶನದಲ್ಲಿ ತಡವಾಗಿ ಬಂದದ್ದೇಕೆ ಎಂದು ಕೇಳಿದಾಗ ಮನಸ್ಸಿನಲ್ಲಿ ‘ನನಗೆ ತಡವಾಯಿತು’ ಎಂಬ ವಾಕ್ಯ ಸಿದ್ಧವಾಗಿತ್ತು. ‘ತಡ’ಕ್ಕೆ ‘ಲೇಟ್’ ಎಂಬುದೂ ಗೊತ್ತಿತ್ತು. ಆದರೆ ‘ನನಗೆ’ ಎಂಬುದನ್ನು ಎಲ್ಲಿ ಕೂರಿಸುವುದು? ‘ಟು ಮಿ’ಯೋ ‘ಫಾರ್ ಮಿ’ಯೋ ಎಂದು ಹುಡುಕುತ್ತ ನಿಂತುಬಿಟ್ಟೆ.

ತೊಡಕಿನ ಬೇರು ವ್ಯಾಕರಣದಲ್ಲಿದೆ. ಹಸಿವು, ಜ್ವರ, ಭಯ, ನೆನಪು, ತಿಳಿವಳಿಕೆ ಇವನ್ನೆಲ್ಲ ಕನ್ನಡ ಮನುಷ್ಯನ ಬಳಿಗೆ ಬರುವ ಸಂಗತಿಗಳೆಂದು ಕಾಣುತ್ತದೆ. ಅದಕ್ಕೇ ಚತುರ್ಥಿ ವಿಭಕ್ತಿ. ಇಂಗ್ಲಿಷ್ ಅದೇ ಮನುಷ್ಯನನ್ನು ಕರ್ತೃಸ್ಥಾನದಲ್ಲಿ ಕೂರಿಸಿ ‘ಐ’ ಎಂದು ಶುರುಮಾಡುತ್ತದೆ. ಅಲ್ಲಿಂದ ಮುಂದಕ್ಕೆ ಒಂದೇ ದಾರಿಯಿಲ್ಲ. ‘ನನಗೆ ಹಸಿವಾಗಿದೆ’ ಎಂಬುದು ‘ಐ ಆ್ಯಮ್ ಹಂಗ್ರಿ’. ‘ನನಗೆ ಜ್ವರ ಬಂದಿದೆ’ ಎಂಬುದು ‘ಐ ಹ್ಯಾವ್ ಎ ಫೀವರ್’. ‘ನನಗೆ ಈಜು ಬರುತ್ತದೆ’ ಎನ್ನಲು ‘ಐ ಕ್ಯಾನ್ ಸ್ವಿಮ್’. ಇಲ್ಲಿ ‘ಬರು’ ಎಂಬ ಕ್ರಿಯಾಪದಕ್ಕೆ ‘ಕಮ್’ ಹಾಕಿದರೆ ಕೆಟ್ಟಿತು. ‘ನನಗೆ ದಾರಿ ಗೊತ್ತು’ ಎನ್ನಲು ‘ಐ ನೋ ದ ವೇ’, ‘ನನಗೆ ಕೆಲಸ ಸಿಕ್ಕಿತು’ ಎನ್ನಲು ‘ಐ ಗಾಟ್ ಎ ಜಾಬ್’. ‘ನನಗೆ ಇಬ್ಬರು ತಂಗಿಯರು’ ಎನ್ನುವಾಗ ‘ಹ್ಯಾವ್’ ಬಳಸುವುದರ ಜೊತೆಗೆ ‘ಯಂಗರ್’ ಸೇರಿಸಬೇಕು. ‘ಸಿಸ್ಟರ್’ ಎಂದಷ್ಟೇ ಹೇಳಿದರೆ ಅಕ್ಕನೋ ತಂಗಿಯೋ ತಿಳಿಯುವುದಿಲ್ಲ.

ನಮ್ಮ ಭಾಗದವರಿಗೆ ಇದು ಇನ್ನಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ ಎಂಬುದು ನನ್ನ ಅನಿಸಿಕೆ. ಕಲಬುರಗಿ, ಬೀದರ್ ಕಡೆ ದಿನವೂ ಕಿವಿಗೆ ಬೀಳುವ ದಖನಿ ಉರ್ದುವಿನ ‘ಮೇರೇಕು’, ಮರಾಠಿಯ ‘ಮಲಾ’, ತೆಲುಗಿನ ‘ನಾಕು’ ಎಲ್ಲವೂ ‘ನನಗೆ’ಯ ಜಾಡಿನಲ್ಲೇ ನಡೆಯುತ್ತವೆ. ಸುತ್ತಲಿನ ನಾಲ್ಕೂ ಭಾಷೆಗಳು ಒಂದೇ ದಾರಿ ತೋರಿಸುವಾಗ ಐದನೆಯದು ಬೇರೆ ಕಡೆ ತಿರುಗಿದರೆ ನಾಲಿಗೆ ತಡವರಿಸುವುದು ಸಹಜ. ಅದನ್ನು ದಡ್ಡತನ ಎಂದುಕೊಳ್ಳಬೇಡಿ.

ಆದ್ದರಿಂದ ನೋಟ್‌ಬುಕ್ಕನ್ನು ತಿರುವುಮುರುವು ಮಾಡಿದೆವು. ದಿನಕ್ಕೆ ಐದು ವಾಕ್ಯ ಸಾಕು: ಅಂದು ಮನೆಯಲ್ಲಿ, ಬಸ್ಸಿನಲ್ಲಿ ನಿಜವಾಗಿ ಆಡಿದ ‘ನನಗೆ’ಯ ವಾಕ್ಯಗಳು. ಅವುಗಳ ಎದುರು ಇಡೀ ಇಂಗ್ಲಿಷ್ ವಾಕ್ಯ. ಬಿಡಿ ಪದಕ್ಕೆ ಜಾಗವೇ ಇಲ್ಲ.

ಹಾಗಾದರೆ ಎಷ್ಟು ಪದ ಬೇಕು? ಬಂಗಾಳದಲ್ಲಿ ಪಾಠ ಹೇಳಿದ್ದ ಮೈಕಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ, ಹೆಚ್ಚು ಬಳಕೆಯ ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ ಸುಮಾರು 2000 ಮೂಲಪದಗಳಿವೆ. ಸಾಮಾನ್ಯ ಬರಹದ ಪ್ರತಿ ಹತ್ತು ಪದಗಳಲ್ಲಿ ಹೆಚ್ಚುಕಡಿಮೆ ಎಂಟು ಅವುಗಳಲ್ಲೇ ಸಿಗುತ್ತವೆ. ಮಾತು ಶುರುಮಾಡಲು ಅಷ್ಟು ಬಂಡವಾಳ ಧಾರಾಳ. ಅದರಲ್ಲಿ ಒಂದು ಪಾಲು ಕನ್ನಡದಲ್ಲಿ ಈಗಾಗಲೇ ಬೆರೆತಿದೆ. ಆದರೆ ಬೆರೆತ ಪದ ಅರ್ಥ ಬದಲಿಸಿಕೊಂಡಿರುತ್ತದೆ, ಎಚ್ಚರ. ನಮ್ಮೂರಿನ ಸೂಪರ್ ಮಾರ್ಕೆಟ್ ಅಂಗಡಿ ಸಾಲುಗಳ ದೊಡ್ಡ ಪೇಟೆ; ಇಂಗ್ಲಿಷಿನಲ್ಲಿ ಅದು ಗಿರಾಕಿಯೇ ಸಾಮಾನು ಆರಿಸಿಕೊಳ್ಳುವ ಒಂದೇ ಮಳಿಗೆ. ನಾವು ಊಟಕ್ಕೆ ಹೋಗುವ ಹೋಟೆಲ್ ಅಲ್ಲಿ ‘ರೆಸ್ಟೋರೆಂಟ್’, ಔಷಧಿ ತರುವ ಮೆಡಿಕಲ್ ಅಲ್ಲಿ ‘ಫಾರ್ಮಸಿ’, ಕರೆಂಟ್ ಹೋದರೆ ‘ದ ಪವರ್ ಈಸ್ ಔಟ್’.

ಉಚ್ಚಾರಣೆಯಲ್ಲಿ ನಮಗೊಂದು ಅನುಕೂಲವಿದೆ. ‘ಜ಼’ ಮತ್ತು ‘ಫ಼’ ಧ್ವನಿಗಳು ಎಷ್ಟೋ ಕನ್ನಡಿಗರಿಗೆ ಕಷ್ಟ. ಉರ್ದು ಕೇಳುತ್ತ ಬೆಳೆದವರಿಗೆ ಅವು ಕಿವಿಯಲ್ಲೇ ಇರುತ್ತವೆ. ‘ಜ಼ರಾ’ ಎನ್ನಬಲ್ಲವರು ‘ಜ಼ೂ’ ಎನ್ನಬಲ್ಲರು. ಕಾಡುವುದು ‘ವ’. ಪಶ್ಚಿಮ ಎಂಬರ್ಥದ ‘ವೆಸ್ಟ್’, ಬನಿಯನ್ ಎಂಬರ್ಥದ ‘ವೆಸ್ಟ್’ ನಮ್ಮ ಲಿಪಿಯಲ್ಲಿ ಒಂದೇ. ಮೊದಲನೆಯದಕ್ಕೆ ಸೀಟಿ ಊದುವಂತೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಎರಡನೆಯದಕ್ಕೆ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಬೇಕು. ಮೊಬೈಲ್ ಕ್ಯಾಮೆರಾವನ್ನು ಕನ್ನಡಿಯಾಗಿಸಿಕೊಂಡು ಅಭ್ಯಾಸ ಮಾಡಿ. ಜೊತೆಗೆ, ನಾವು ಪ್ರತಿ ಅಕ್ಷರಕ್ಕೂ ಬಹುತೇಕ ಸಮನಾದ ತೂಕ ಕೊಡುತ್ತೇವೆ. ಇಂಗ್ಲಿಷ್ ಒಂದನ್ನು ಒತ್ತಿ ಉಳಿದವನ್ನು ನುಂಗುತ್ತದೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲಿಗೆ, ‘ಫೊಟಾಗ್ರಫಿ’ಯಲ್ಲಿ ‘ಟಾ’ ಮೇಲೆ.

ಮರೆವಿನ ಬಗ್ಗೆ ಎರಡೇ ಮಾತು. 1885ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ, ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬೇಗಬೇಗ ಅಳಿಯುತ್ತದೆ ಎಂದು ತೋರಿಸಿದ. ಹಾಗಾಗಿ ಒಂದೇ ರಾತ್ರಿ ನೂರು ಸಲ ಓದುವ ಬದಲು ಮರುದಿನ, ಮೂರನೆಯ ದಿನ, ವಾರದ ನಂತರ ಎಂದು ಬಿಡುವು ಹೆಚ್ಚಿಸುತ್ತ ನೆನಪಿಸಿಕೊಳ್ಳಿ. ಅರ್ಥವನ್ನು ಮುಚ್ಚಿಟ್ಟು ಜೋರಾಗಿ ಹೇಳಿ.

ಮಾತಿನ ಓಟಕ್ಕೆ ನಾವು ನಂಬಿಕೊಂಡಿರುವುದು ನಾಲ್ಕು-ಮೂರು-ಎರಡು ಎಂಬ ಕ್ರಮ. ಕೀತ್ ಮಾರಿಸ್ ರೂಪಿಸಿದ ಇದನ್ನು ಪದಕಲಿಕೆಯ ವಿದ್ವಾಂಸ ಪಾಲ್ ನೇಷನ್ ಬಳಕೆಗೆ ತಂದರು. ಒಂದೇ ವಿಷಯವನ್ನು ಒಬ್ಬ ಕೇಳುಗನಿಗೆ ನಾಲ್ಕು ನಿಮಿಷ, ಇನ್ನೊಬ್ಬನಿಗೆ ಮೂರು, ಮತ್ತೊಬ್ಬನಿಗೆ ಎರಡು ನಿಮಿಷ ಹೇಳಬೇಕು. ವಿಷಯ ಬದಲಾಗದ ಕಾರಣ ಮನಸ್ಸು ಹುಡುಕಾಟ ಬಿಟ್ಟು ಹೇಳುವುದರ ಕಡೆ ಹೊರಳುತ್ತದೆ. ಕೇಳುಗರು ಮಧ್ಯೆ ತಪ್ಪು ತಿದ್ದಬಾರದು. ನಾವು ನಾಲ್ವರಿರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಕಳೆದ ವಾರ ಚಿಂಚೋಳಿಯ ಗೆಳೆಯ ತೊಗರಿಯ ಬಗ್ಗೆ ಮಾತನಾಡಿದ. 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ‘ಜಿಐ’ ಮಾನ್ಯತೆ, ಪಡೆದ ನಮ್ಮ ಜಿಲ್ಲೆಯ ಬೆಳೆ. ಸಂದರ್ಶನದಲ್ಲಿ ‘ನಿಮ್ಮ ಊರಿನ ವಿಶೇಷವೇನು’ ಎಂದು ಕೇಳಿದರೆ ಹೇಳಲೇಬೇಕಾದದ್ದು. ಮೊದಲ ಸುತ್ತಿನಲ್ಲಿ ‘ಪಿಜನ್ ಪೀ’ ಎಂಬ ಹೆಸರಿಗೇ ಅವನು ಎರಡು ಸಲ ನಿಂತ. ‘ಬೆಳೆ ಕೈಕೊಟ್ಟಿತು’ ಎನ್ನಲು ‘ಹ್ಯಾಂಡ್’ ಎಂಬಲ್ಲಿ ಸಿಕ್ಕಿಕೊಂಡ. ಎರಡನೆಯ ಸುತ್ತಿಗೆ ‘ದ ಕ್ರಾಪ್ ಫೇಲ್ಡ್’ ಎಂಬುದು ತಾನಾಗಿ ಹೊಳೆಯಿತು. ಮೂರನೆಯ ಸುತ್ತಿನಲ್ಲಿ ಬಿತ್ತನೆಯಿಂದ ರಾಶಿಯವರೆಗೆ ಎಲ್ಲೂ ತಡೆಯದೆ ಹೇಳಿದ. ಒಂದು ಪದ ಮಾತ್ರ ಉಳಿಯಿತು: ಗೊಡ್ಡು ರೋಗ. ಗಿಡ ಎಲೆ ಬಿಟ್ಟು ಪೊದೆಯಾಗುತ್ತದೆ, ಹೂ ಬಿಡುವುದಿಲ್ಲ. ನಮ್ಮಲ್ಲಿ ಯಾರಿಗೂ ಅದರ ಇಂಗ್ಲಿಷ್ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ‘ಸ್ಟೆರಿಲಿಟಿ ಮೊಸಾಯಿಕ್’ ಎಂದು ಸಿಕ್ಕಿತು. ‘ಸ್ಟೆರೈಲ್’ ಎಂದರೆ ಗೊಡ್ಡು ಎಂದೇ ಅರ್ಥ. ನಾವು ನಾಲ್ವರೂ ಅದನ್ನು ಅವನ ತಂದೆ ಹೇಳುವ ವಾಕ್ಯದ ಎದುರಿಗೇ ಬರೆದುಕೊಂಡೆವು.